ಉಡಿಗೆ ಹಾಕಿದ ಅಕ್ಕಿ

ಸಗರ
೧೪ ಮಾರ್ಚ್ ೧೯೯೯

ನನ್ನ ಅಕ್ಕ ಅನ್ನಮ್ಮನಿಗೆ,

ತಂಗಿ ಗೊಲ್ಲಾಳಮ್ಮ ನಿನ್ನ ಕಾಲು ಮುಟ್ಟಿ ಬರೆಯುವುದು. ‘ನಾವು ಕ್ಷೇಮ, ನೀವೂ ಕ್ಷೇಮವೇ’ ಎಂದು ಮೊದಲು ಬರೆದು, ಆಮೇಲೆ ಹೊಡೆದುಹಾಕಿದೆ. ನೀನು ಹೇಗಿದ್ದೀಯ ಎಂದು ಗೊತ್ತಿದ್ದೂ ಕೇಳುವುದು ಯಾವ ಬಾಯಿಂದ?

ಮಹಾದೇವಿಯ ಮದುವೆ ಮುಗಿದು ವಾರದ ಮೇಲಾಯಿತು. ಹಂದರ ಬಿಚ್ಚಿದರು, ಬಾಡಿಗೆ ಪಾತ್ರೆಗಳನ್ನು ತಿರುಗಿ ಕಳಿಸಿದೆವು. ನೀನು ಮಾತ್ರ ಮಗಳನ್ನು ಕಳಿಸಿಕೊಡುವವರೆಗೂ ನಿಲ್ಲದೆ, ಉಡಿ ತುಂಬಿಸಿಕೊಂಡವಳೇ ದೋರನಹಳ್ಳಿಯ ಹಾದಿ ಹಿಡಿದೆ. ಜೀಪು ಹತ್ತುವಾಗ ಮಹಾದೇವಿ, “ದೊಡ್ಡವ್ವ ಎಲ್ಲಿ ಹೋಗ್ಯಾಳ?” ಎಂದು ಅಳುತ್ತ ಹುಡುಕಿದಳು. ತಲೆನೋವು ಬಂದಿತ್ತು, ಬಸ್ಸು ತಪ್ಪುತ್ತಿತ್ತು ಎಂದು ನಾನೇ ಏನೇನೋ ಹೇಳಿ ಸಮಾಧಾನ ಮಾಡಿದೆ.

ನೀನು ಯಾಕೆ ಹೋದೆ ಎಂದು ನನಗೆ ಗೊತ್ತು. ಅದಕ್ಕೇ ಈ ಕಾಗದ.

ಆ ಅಕ್ಕಿಯ ಯೋಚನೆ ನನ್ನದೇ, ಅಕ್ಕ. ಬೇರೆ ಯಾರ ತಲೆಗೂ ಕಟ್ಟಲಾರೆ. ಮದುವೆಗೆ ಬಂದವರಿಗೆ ಏನು ಕೊಡಬೇಕು ಎಂದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಪಂಚಾಯಿತಿ ನಡೆದಿತ್ತು. ಸುರಪುರದಿಂದ ಸ್ಟೀಲ್ ಡಬ್ಬಿ ತಂದು ಮದುಮಕ್ಕಳ ಹೆಸರು ಕೊರೆಸೋಣ ಎಂಬುದು ನಮ್ಮ ಮನೆಯವರ ಹಟ. ಪ್ಲಾಸ್ಟಿಕ್ ಬುಟ್ಟಿ ಚೆಂದ ಎಂಬುದು ಮಹಾದೇವಿಯದು. ಪಕ್ಕದ ಮನೆಯ ಮಲ್ಲಾಬಾಯಿಯೋ ಕುಪ್ಪಸದ ಖಣವೇ ಆಗಲಿ ಎಂದಳು. ನನಗೆ ನಗು ಬಂತು. “ಯವ್ವಾ, ಖಣ ಯಾರು ಹೊಲಿಸ್ತಾರ? ಇವತ್ತು ನಾ ನಿನಗ, ನಾಳೆ ನೀ ಇನ್ನೊಬ್ಬಾಕಿಗಿ. ಊರೆಲ್ಲ ತಿರುಗಿ ನನ್ನ ಪೆಟ್ಟಿಗಿಗೇ ಬರ್ತದ,” ಎಂದೆ. ಡಬ್ಬಿಯೂ ಅಷ್ಟೇ, ಅಟ್ಟ ಸೇರಿದರೆ ಮುಗಿಯಿತು.

ಆಗ ಹೊಳೆಯಿತು, ನಮ್ಮ ಹೊಲದ ಅಕ್ಕಿಯನ್ನೇ ಕೊಟ್ಟರೆ? ಜೋಳದ ರೊಟ್ಟಿ ತಿಂದು ಬೆಳೆದವರು ನಾವು. ಸಣ್ಣವರಿದ್ದಾಗ ಹಬ್ಬಕ್ಕೆ ಅವ್ವ ಒಂದು ಹಿಡಿ ಅನ್ನ ಬಡಿಸಿದರೆ ನೀನು ನಿನ್ನ ಪಾಲಿನಲ್ಲಿ ಅರ್ಧ ನನಗೆ ಹಾಕುತ್ತಿದ್ದೆ. ಈಗ ಕೆನಾಲ್ ಬಂದು, ಅಂಥ ನಮ್ಮ ಹೊಲದಲ್ಲೇ ಭತ್ತ ಬೆಳೆದಿದೆ. ಹೆಂಗಸರಿಗೆ ಉಡಿ ತುಂಬಲು ಅಕ್ಕಿ ಬೇಕೇ ಬೇಕು. ಅದನ್ನೇ ಚೆಂದದ ಚೀಲದಲ್ಲಿ ಹಾಕಿ ಕೊಟ್ಟರೆ ಉಡಿಯೂ ಆಯಿತು, ನೆನಪಿಗೊಂದು ಕಾಣಿಕೆಯೂ ಆಯಿತು. ಉಡಿ ಅಕ್ಕಿಯನ್ನು ಯಾವ ಮುತ್ತೈದೆಯೂ ಬೇಡ ಎನ್ನುವುದಿಲ್ಲ, ಇನ್ನೊಬ್ಬರಿಗೆ ದಾಟಿಸುವುದೂ ಇಲ್ಲ. ಮನೆಗೆ ಒಯ್ದು ಉಣ್ಣುತ್ತಾಳೆ. ನನ್ನ ಜಾಣತನಕ್ಕೆ ನಾನೇ ಶಹಬ್ಬಾಸ್ ಹೇಳಿಕೊಂಡೆ. ಶಹಾಪುರದ ಜೈತುನಬೀ ಹತ್ತಿರ ಹಳದಿ ಬಟ್ಟೆಯ ಚೀಲ ಹೊಲಿಸಿದೆ. ನೋಡಿದವರೆಲ್ಲ ಹೊಗಳಿದರು, ನಾನು ಉಬ್ಬಿಹೋದೆ.

ಅಷ್ಟು ದಿನ, ಅಷ್ಟು ಚೀಲ ತುಂಬುವಾಗ ಒಮ್ಮೆಯೂ ನೀನು ನೆನಪಾಗಲಿಲ್ಲ ನೋಡು. ಕೆನಾಲಿಗೆ ನಮ್ಮ ಹೊಲ ಮೊದಲು, ನಿಮ್ಮದು ಕಡೆಗೆ ಎಂಬುದು ನೆನಪಾಗಲಿಲ್ಲ. ಹೂ ಬಿಡುವ ಹೊತ್ತಿಗೆ ನಿಮ್ಮ ಪಾಳಿಯ ನೀರು ಬಾರದೆ ಮೆಣಸಿನ ಗಿಡವೆಲ್ಲ ಬಾಡಿದ್ದು, ಅದರಿಂದ ನಿನ್ನ ಮಗಳು ಸಿದ್ದಮ್ಮನ ಮದುವೆ ಮುಂದೆ ಹೋದದ್ದು ನೆನಪಾಗಲಿಲ್ಲ. ಅಕ್ಕತಂಗಿಯರ ಮಕ್ಕಳಿಬ್ಬರಿಗೂ ಒಂದೇ ಹಂದರದಲ್ಲಿ ಅಕ್ಕಿಕಾಳು ಬೀಳಲಿ ಎಂದು ಮಾತಾಡಿಕೊಂಡವರು ನಾವೇ ಅಲ್ಲವೇ? “ನೀ ಮಾಡಿ ಮುಗಸು ತಂಗಿ, ನಮ್ಮದು ಮುಂದಿನ ವರ್ಷ ನೋಡೋಣು,” ಎಂದು ನೀನು ಹೇಳಿಕಳಿಸಿದೆ. ‘ಬೇಡ, ಇಬ್ಬರದೂ ಕೂಡಿಯೇ ಮಾಡೋಣ, ಕಾಯುತ್ತೇನೆ’ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಹಗುರಾಯಿತು ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ಅಣ್ಣತಮ್ಮಂದಿರಿಲ್ಲದ ನಮಗೆ, ಅವ್ವ ಹೋದ ಮೇಲೆ, ನನಗೆ ನೀನು ತವರು, ನಿನಗೆ ನಾನು. ಹಾಗಾಗಿ ಮೊದಲ ಉಡಿ ನಿನಗೇ ಎಂದು ಎಲ್ಲರ ಮುಂದೆ ನಿನ್ನನ್ನು ಎಳೆದು ತಂದು ಮಣೆಯ ಮೇಲೆ ಕೂರಿಸಿದೆ. ಚೀಲ ನೋಡಿ ನೀನು ಸ್ವಲ್ಪ ತಡೆದೆ. ಆಮೇಲೆ ಸೆರಗು ಒಡ್ಡಿದೆ. ತವರಿನ ಉಡಿ ಬೇಡ ಎನ್ನಲು ಹೇಗೆ ಬರುತ್ತದೆ? ಚೀಲವನ್ನು ಉಡಿಯಲ್ಲಿಟ್ಟುಕೊಂಡು ನೀನು ಮೆಲ್ಲಗೆ ಅಂದೆ: “ನಮ್ಮ ಹೊಲಕ್ಕ ಬರಬೇಕಾದ ನೀರು ನಮ್ಮ ಉಡಿಗಿ ಬಂತು. ಹೆಂಗರ ಬಂತಲ್ಲ, ಸಾಕು ಬಿಡು ತಂಗಿ.”

ಮಲ್ಲಾಬಾಯಿ, “ದೋರನಹಳ್ಳಿ ಅಕ್ಕಾರು ಭಾರೀ ಚಾಷ್ಟಿ ಮಾಡ್ತಾರ ನೋಡ್ರಿ!” ಎಂದು ನಕ್ಕಳು. ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ, ನಾನು ನಗುತ್ತ ನಗುತ್ತ ಸೆರಗು ಸರಿಮಾಡಿಕೊಂಡೆ. ನೀನು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದೆ. ಆ ನೋಟ ಎದುರಿಸಲಾಗದೆ, ಮುಂದಿನವರಿಗೆ ಕುಂಕುಮ ಹಚ್ಚಲು ತಿರುಗಿಬಿಟ್ಟೆ.

ಮರುದಿನ ನಮ್ಮ ಮನೆಯವರನ್ನು ಹಿಡಿದು ಕೇಳಿದೆ. ಆಗಲೇ ನನಗೆ ಗೊತ್ತಾದದ್ದು, ಕೆನಾಲ್ ದಂಡೆಯೊಳಗೆ ಪೈಪು ಹುಗಿದು ಪಾಳಿ ಇಲ್ಲದ ದಿನವೂ ನೀರು ತೆಗೆಯುತ್ತಾರೆ ಎಂದು. “ನಾ ಒಬ್ಬಾಂವೇನು ಹಾಕೀನಿ? ಮ್ಯಾಲಿನವ್ರು ಬಿಟ್ಟಿದ್ದು ನಾ ತಗೋತೀನಿ, ನಾ ಬಿಟ್ಟಿದ್ದು ಕೆಳಗಿನವ್ರು ತಗೊಳ್ಳಿ,” ಎಂದರು. ಕಿತ್ತುಹಾಕಿರಿ ಎಂದು ಕಾಲು ಹಿಡಿದು ಹೇಳಿದ್ದೇನೆ. ಈ ಬೆಳೆಯೊಂದು ಬರಲಿ, ಆಮೇಲೆ ನೋಡೋಣ ಎಂದಿದ್ದಾರೆ.

ಈ ಬೇಸಿಗೆಗೆ ನೀವು ಶೇಂಗಾ ಹಾಕಿದ್ದೀರಂತೆ. ಅದು ಕೈಗೆ ಬಂದರೆ ಸಿದ್ದಮ್ಮನ ಮದುವೆ ಎಂದು ನೀಲಕಂಠ ಮಾಮ ಶಹಾಪುರದ ಸಂತೆಯಲ್ಲಿ ಯಾರ ಹತ್ತಿರವೋ ಹೇಳಿದರಂತೆ. ಅದನ್ನು ಕೇಳಿದ ಮೇಲೆ ನನಗೆ ತುತ್ತು ಇಳಿಯುತ್ತಿಲ್ಲ. ಮನೆಯಲ್ಲಿ ಇನ್ನೂ ಚೀಲಗಳು ಉಳಿದಿವೆ. ಕಂಡರೆ ಮೈ ಉರಿಯುತ್ತದೆ.

ಯುಗಾದಿಗೆ ಮಹಾದೇವಿಯನ್ನು ಮೊದಲ ಸಲ ಕರೆತರುತ್ತೇವೆ. ದೊಡ್ಡವ್ವ ಬಂದರೇ ಹೋಳಿಗೆ ಉಣ್ಣುತ್ತೇನೆ ಎಂದು ಹೇಳಿಕಳಿಸಿದ್ದಾಳೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೂ ಆ ಕೂಸಿನ ಮುಖ ನೋಡಿ ಬಾ. ಬಂದು ನನಗೆ ಎರಡು ಏಟು ಹೊಡೆ, ಬೈದು ಹೋಗು. ಹೀಗೆ ಸುಮ್ಮನೆ ಮಾತ್ರ ಇರಬೇಡ, ಅಕ್ಕ.

ಮಾಮನಿಗೆ ನಮಸ್ಕಾರ. ಸಿದ್ದಮ್ಮನಿಗೆ ಏನು ಬರೆಯಬೇಕೋ ತೋಚುತ್ತಿಲ್ಲ.

ನಿನ್ನ ಕೈ ತುತ್ತು ತಿಂದು ಬೆಳೆದವಳು,
ಗೊಲ್ಲಾಳಮ್ಮ

ತಾ.ಕ.: ಕಾಗದವನ್ನು ಅಂಚೆ ಡಬ್ಬಿಯವರೆಗೆ ಒಯ್ದು ತಿರುಗಿ ತಂದೆ. ಮೇಲೆ ಎರಡು ಸುಳ್ಳು ಬರೆದಿದ್ದೇನೆ. ಪೈಪು ತೆಗೆಯಿರಿ ಎಂದು ಇವರಿಗೆ ನಾನು ಹೇಳಿಯೇ ಇಲ್ಲ, ಹೇಳುವ ಧೈರ್ಯ ಬಂದಿಲ್ಲ. ಆ ಪೈಪಿನ ಸಂಗತಿ ಮದುವೆಯಾದ ಮೇಲೆ ಗೊತ್ತಾದದ್ದೂ ಅಲ್ಲ. ದಂಡೆ ಅಗೆದ ದಿನ ಅವರಿಗೆ ಬುತ್ತಿ ಒಯ್ದವಳು ನಾನು. ಕೆನಾಲ್ ಸಾಹೇಬರ ಜೀಪು ಬರುತ್ತದೆ ಎಂದರೆ ಓಡಿಹೋಗಿ ಪೈಪಿನ ಬಾಯಿಗೆ ತೊಗರಿ ಕಟ್ಟಿಗೆ ಮುಚ್ಚುವವಳೂ ನಾನೇ. ನಿನ್ನ ಮೆಣಸಿನ ಗಿಡ ಒಣಗಿದ ಸುದ್ದಿ ಬಂದ ದಿನವೂ ಮುಚ್ಚಿ ಬಂದು ಊಟ ಮಾಡಿದ್ದೆ. ಮಾಮನಿಗೆ ಹೇಳು: ನಮ್ಮ ಬದುವಿನ ಬೇವಿನ ಗಿಡದಿಂದ ನೆಟ್ಟಗೆ ಕೆನಾಲ್ ಕಡೆ ನಡೆದರೆ ದಂಡೆಯಲ್ಲಿ ಬಿಳಿ ಕಲ್ಲಿದೆ, ಪೈಪು ಅದರ ಕೆಳಗೇ. ಸಾಹೇಬರನ್ನು ಕರೆದುಕೊಂಡು ಬರಲಿ. ಯಾರು ತೋರಿಸಿದರು ಎಂದು ಇವರು ಕೇಳಿದರೆ ನನ್ನ ಹೆಸರನ್ನೇ ಹೇಳಲಿ. ಅವತ್ತು ಜೀಪಿನ ಸಪ್ಪಳ ಕೇಳಿದರೂ ನಾನು ಮನೆ ಬಿಟ್ಟು ಕದಲುವುದಿಲ್ಲ.