ಹಿಂದಿನ ಕಾರಿನಲ್ಲಿ ಮಾರ್ಲಿಸ್

ಮೇ 18, ಸೋಮವಾರ

ಬೆಳಿಗ್ಗೆ ಮತ್ತೆ ಪಿಕಪ್ ಕೆಳಗೆ ಮಲಗಿದ್ದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಒಂದೂ ಮುರಿದಿಲ್ಲ. ಆದರೂ ಪ್ರವಾಸಕ್ಕೆ ಎಳೆದೊಯ್ಯುವ ಟ್ರೇಲರ್ ಮನೆಯನ್ನು ಕೊಂಡಿಗೆ ಸಿಕ್ಕಿಸಿದ ಕೂಡಲೇ ಗಾಡಿಯ ಹಿಂಭಾಗ ಕುಸಿಯುತ್ತದೆ, ಮೂತಿ ಆಕಾಶ ನೋಡುತ್ತದೆ.

ಮೊನ್ನೆ ಶನಿವಾರ ಚೇಂಬರ್ಲೇನ್ ಬಳಿ ಮಿಸೂರಿ ನದಿಗೆ ಇಳಿಯುವ ಇಳಿಜಾರು. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋಯಿತು. ಟ್ರೇಲರ್ ಅತ್ತಿತ್ತ ಬಾಲ ಬೀಸತೊಡಗಿತು... ಪಕ್ಕ ಕೂತಿದ್ದ ಹೆಂಡತಿ ಮಾರ್ಲಿಸ್ ಹೆದರಿ ಹಿಡಿದುಕೊಂಡ ನನ್ನ ತೊಡೆ ಇನ್ನೂ ನೀಲಿಗಟ್ಟಿದೆ.

ಇವತ್ತು ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ಗೇಲನ್, ಇನ್ಮೇಲೂ ಬರ್ತೀನಿ. ಆದ್ರೆ ನನ್ನ ಕಾರಲ್ಲಿ, ನಿನ್ನ ಹಿಂದೆ."

"ಇಬ್ಬರಿಗೆ ಎರಡು ಗಾಡೀನಾ? ಜನ ನಗ್ತಾರೆ ಕಣೇ."

"ನಗ್ಲಿ ಬಿಡು. ನಾಯಿಗೆ ಊಟ ಹಾಕೋಕೆ ಒಬ್ರಾದ್ರೂ ಉಳೀಬೇಕಲ್ಲ."

ಶಾಲಾ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಊರಿನ ಅರ್ಧ ಮಕ್ಕಳನ್ನು ಹಿಮದಲ್ಲಿ ಮನೆ ಮುಟ್ಟಿಸಿದ್ದೇನೆ. ಹೆಂಡತಿಗೆ ನನ್ನ ಪಕ್ಕ ಕೂರಲು ಭಯ!

ಮೇ 23, ಶನಿವಾರ

ಇಡೀ ದಿನ ಆರ್ವಿಡ್‌ನ ಶೆಡ್ಡಿನಲ್ಲಿ. ಟ್ರ್ಯಾಕ್ಟರ್ ರಿಪೇರಿಯಲ್ಲೇ ಕೂದಲು ನರೆತ ಗೆಳೆಯ. ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಎರಡು ರಬ್ಬರ್ ಗಾಳಿಚೀಲ ಕೂರಿಸಿದೆವು. ಗಾಳಿ ತುಂಬಿದೊಡನೆ ಪಿಕಪ್ ಬೆನ್ನು ನೆಟ್ಟಗಾಯಿತು.

"ಹೆಂಡ್ತಿ ಪಕ್ಕ ಕೂರ್ಲಿ ಅಂತ ಇಷ್ಟು ಒದ್ದಾಡೋನ್ನ ಇವತ್ತೇ ನೋಡಿದ್ದು ಕಣಯ್ಯಾ," ಎಂದ ಆರ್ವಿಡ್. "ನಮ್ಮನೆಯವಳು ಹಿಂದೆ ಬರ್ತೀನಿ ಅಂದಿದ್ರೆ ಸದ್ಯ ಅಂತಿದ್ದೆ."

ಹೀಗೆನ್ನುತ್ತಲೇ ಮಾರ್ಲಿಸ್ ಕಟ್ಟಿಕೊಟ್ಟಿದ್ದ ರೂಬಾರ್ಬ್ ಕುಚೆನ್ ಎಂಬ ಹುಳಿಸಿಹಿ ಕೇಕನ್ನು ಮುಕ್ಕಾಲು ಭಾಗ ತಿಂದ.

ಮೇ 30, ಶನಿವಾರ

ಪ್ಲಾಂಕಿಂಟನ್‌ವರೆಗೆ ಗಾಡಿ ಪರೀಕ್ಷಿಸಲು ಹೋದೆವು. ನಾನು ಮುಂದೆ, ಅವಳು ಹಿಂದೆ. ಪಕ್ಕದಿಂದ ಗಾಳಿ ಹೊಡೆಯಿತು. ಮತ್ತೆ ಅದೇ ಬಾಲದ ಆಟ.

ಫೋನಿನಲ್ಲಿ ಅವಳ ದನಿ— "ಬ್ರೇಕ್ ತುಳೀಬೇಡ. ಮೆಲ್ಲಗೆ... ಮೆಲ್ಲಗೆ ಪಕ್ಕಕ್ಕೆ ಹಾಕು."

ನಿಲ್ಲಿಸಿ ಇಳಿದೆ. ಓಡಿ ಬಂದವಳು ನನ್ನ ಅಂಗಿ ಹಿಡಿದು ಅಳತೊಡಗಿದಳು.

"ಪಕ್ಕದಲ್ಲಿ ಕೂತು ಹೆದರೋದೇ ವಾಸಿ ಗೇಲನ್. ನೀನು ಹೋಗೋದನ್ನ ಹಿಂದಿಂದ ನೋಡ್ತಾ ಇರೋಕೆ ನನ್ನ ಕೈಲಾಗಲ್ಲ."

ಅವಳ ತಲೆ ನೇವರಿಸಿದೆ. ಮೂಗು ಒರೆಸಿಕೊಂಡು ಟ್ರೇಲರ್ ಸುತ್ತ ಒಂದು ಸುತ್ತು ಬಂದಳು.

"ಪಿಕಪ್ ನೆಟ್ಟಗಿದೆ. ಇದರ ಹಿಂಭಾಗ ಮಾತ್ರ ನೆಲ ನೋಡ್ತಿದೆ. ಏನು ತುಂಬಿದೀಯಾ ಅಲ್ಲಿ?"

ಬಾಗಿಲು ತೆಗೆದೆ. ಜಾಕು, ಜನರೇಟರ್, ಕಬ್ಬಿಣದ ಒಲೆ, ಉಪಕರಣಗಳ ಪೆಟ್ಟಿಗೆ. ನನ್ನ ಸಾಮಾನೆಲ್ಲ ಬಾಲದಲ್ಲಿ.

"ಇಷ್ಟು ಕಬ್ಬಿಣ ಕಟ್ಟಿದ್ರೆ ನಾಯಿನೂ ನೆಟ್ಟಗೆ ನಡೆಯಲ್ಲ," ಎಂದಳು. ಇಬ್ಬರೂ ರಸ್ತೆ ಬದಿಯಲ್ಲೇ ನಕ್ಕೆವು.

ಜೂನ್ 2, ಮಂಗಳವಾರ

ಭಾರವೆಲ್ಲ ಟ್ರೇಲರಿನ ಚಕ್ರದಿಂದ ಮುಂದಕ್ಕೆ ಸರಿಸಿದೆವು. ಆರ್ವಿಡ್ ಕೊಂಡಿಗೆ ಎರಡು ಉಕ್ಕಿನ ಸರಳು ಹಾಕಿದ— ಕೊಂಡಿಯ ಭಾರವನ್ನು ಪಿಕಪ್ಪಿನ ಮುಂದಿನ ಚಕ್ರಕ್ಕೂ ಹಂಚುತ್ತವಂತೆ. ಗಾಳಿಚೀಲದ ಗಾಳಿ ಸ್ವಲ್ಪ ಬಿಟ್ಟ. ಮಾರ್ಲಿಸ್ ಅಳತೆಯ ಟೇಪು ಹಿಡಿದು ಪಿಕಪ್ಪಿನ ಮೂತಿ ಎಷ್ಟು ಎತ್ತರವಿದೆ ಎಂದು ನೋಡುತ್ತ ಮುಂದಿನ ಚಕ್ರದ ಬಳಿ ಕೂತಿದ್ದಳು. ಅವಳು 'ಸಾಕು' ಎನ್ನುವವರೆಗೂ ಆರ್ವಿಡ್ ಸರಿಹೊಂದಿಸುವುದನ್ನು ಬಿಡಲಿಲ್ಲ.

"ಇದನ್ನ ಮೊದ್ಲೇ ಮಾಡ್ಬೇಕಿತ್ತು," ಎಂದ ಆರ್ವಿಡ್.

"ನಿಮಗೆ ಎತ್ತೋದೊಂದೇ ಗೊತ್ತು. ಹಂಚೋದು ಗೊತ್ತಿಲ್ಲ," ಎಂದಳು ಮಾರ್ಲಿಸ್.

ಜೂನ್ 6, ಬೆಳಿಗ್ಗೆ

ಪ್ರವಾಸ ಹೊರಡುವ ಹೊತ್ತು. ಎಲ್ಲಿ ಕೂರುತ್ತಾಳೋ ಕೇಳಲು ಧೈರ್ಯವಿರಲಿಲ್ಲ. ಫ್ಲಾಸ್ಕ್ ಹಿಡಿದು ಬಂದಳು. ಕಾರಿನತ್ತ ನೋಡಲೇ ಇಲ್ಲ. ಸೀದಾ ನನ್ನ ಬಾಗಿಲಿಗೆ ಬಂದು—

"ಆ ಕಡೆ ಜರುಗು."

"ನೀನು ಓಡಿಸ್ತೀಯಾ?"

"ಪಕ್ಕ ಕೂತು ನೋಡಿದ್ದಾಯ್ತು, ಹಿಂದೆ ಬಂದು ನೋಡಿದ್ದಾಯ್ತು. ಇನ್ನುಳಿದಿರೋದು ಇದೊಂದೇ ಸೀಟು."

ಜರುಗಿದೆ.

ಅದೇ ದಿನ, ನದಿಯ ಆಚೆ

ಅವಳ ಪಕ್ಕ ಕೂತೇ ಬರೆಯುತ್ತಿದ್ದೇನೆ. ಅದೇ ಇಳಿಜಾರಿನಲ್ಲಿ ಲಾರಿಯೊಂದು ಹಾದುಹೋಯಿತು. ಒಂದು ಸಣ್ಣ ಅದುರು, ಅಷ್ಟೇ. ಕೈಬರಹ ಕೂಡ ಸೊಟ್ಟಗಾಗಲಿಲ್ಲ. ನನ್ನ ಕಾಲು ಮಾತ್ರ ಇಲ್ಲದ ಬ್ರೇಕು ತುಳಿಯುತ್ತಿತ್ತು. ಅವಳು ಕಂಡೂ ಕಾಣದವಳಂತೆ ಏನೋ ಗುನುಗುತ್ತಿದ್ದಳು. ಬಿಸಿಲಿಗೆ ಅವಳ ಕಿವಿ ಕೆಂಪಗಾಗಿದೆ. ಇಷ್ಟು ವರ್ಷ ರಸ್ತೆಯನ್ನೇ ನೋಡಿದವನು, ಈ ಕಡೆಯಿಂದ ಇವಳನ್ನು ಯಾವತ್ತೂ—

"ಕಾಫಿ ಬಗ್ಗಿಸು ಗೇಲನ್. ಏನು ಬರೀತಿದೀಯಾ ಅಷ್ಟೊಂದು?"

ಏನಿಲ್ಲ, ಗಾಳಿಚೀಲದ ಲೆಕ್ಕ ಅಂದೆ. ನಂಬಲಿಲ್ಲ. ಕೈ ಚಾಚುತ್ತಿದ್ದಾಳೆ, ಪುಸ್ತಕ ಕಸಿದುಕೊಳ್ಳಲು—