ಒಡೆಯಬಾರದ ಗುಳ್ಳೆ

ನವೆಂಬರ್ 4, ಬೆಳಿಗ್ಗೆ

ಹಿಟ್ಟು ಚೆನ್ನಾಗಿ ಉಬ್ಬಿತ್ತು. ಮೊದಲ ತಟ್ಟೆ ಬನ್ನು ಒಲೆಯಿಂದ ಇಳಿಯುವ ಮೊದಲೇ ಗಿರಾಕಿಗಳು. ನಾದುವಾಗ ಮೇಜಿನ ಅಂಚು ಹೊಟ್ಟೆಯ ಬಲಗಡೆ ತಾಗಿ ಮತ್ತೆ ಅದೇ ಮಂದ ನೋವು. ಗಂಡ ದಿಯೋಗೆ ಹೇಳಲಿಲ್ಲ. ತನ್ನ ದೋಣಿಗೆ ಬಣ್ಣ ಬಳಿಯುವ ಖುಷಿಯಲ್ಲಿದ್ದಾನೆ.

ನಾಳೆ ಮೈದಾ ತರಲು ಹಡಗು ಹತ್ತಿ ಸೆಬು ನಗರಕ್ಕೆ ಹೋಗಬೇಕು. ಹಾಗೇ ಸ್ಕ್ಯಾನಿಂಗ್ ಮಾಡಿಸಿಕೊಂಡು ಬರುವುದು. ಕಲ್ಲಿರಬಹುದು. ಕಲ್ಲೇ ಇರಲಿ.

ನವೆಂಬರ್ 5, ವಾಪಸು ಬರುವ ಹಡಗು

ಕಲ್ಲಲ್ಲ.

ಡಾಕ್ಟರ್ ಅಬೆಯಾನಾ ಇನ್ನೂ ಚಿಕ್ಕ ಹುಡುಗಿ. ಪರದೆ ನನ್ನ ಕಡೆ ತಿರುಗಿಸಿ ತೋರಿಸಿದಳು. ಅಪೆಂಡಿಕ್ಸ್ ಕಿರುಬೆರಳಿನಷ್ಟಿರಬೇಕಂತೆ. ನನ್ನದು ಲೋಳೆ ತುಂಬಿಕೊಂಡು ಬಾಳೆಕಾಯಿಯ ಹಾಗೆ ಊದಿಕೊಂಡಿದೆ. ಮ್ಯೂಕೋಸೀಲ್ ಅಂತ ಹೆಸರು.

"ಒಳಗೇ ಒಡೆದ್ರೆ?"

"ಒಡೆಯೋಕೆ ಬಿಡಬಾರದು. ಆ ಲೋಳೆ ಹೊಟ್ಟೆಯೆಲ್ಲಾ ಹರಡಿಕೊಂಡ್ರೆ ಆಮೇಲೆ ತುಂಬಾ ಕಷ್ಟ. ಒಂದೊಂದು ಸಲ ಅದರೊಳಗೆ ಕೆಟ್ಟದ್ದೂ ಬೆಳೆದಿರುತ್ತೆ. ಇಡಿಯಾಗಿ ತೆಗೀಬೇಕು. ಹನ್ನೆರಡನೇ ತಾರೀಕು ಬಂದುಬಿಡಿ. ಅಲ್ಲೀವರೆಗೆ ಭಾರ ಎತ್ತಬೇಡಿ, ಯಾರ ಹತ್ರಾನೂ ಹೊಟ್ಟೆ ನೀವಿಸ್ಕೋಬೇಡಿ."

ಅಲೆ ಬಡಿದಾಗಲೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೇನೆ. ವಾಂತಿ ಇರಬೇಕೆಂದು ಪಕ್ಕದವಳು ಪ್ಲಾಸ್ಟಿಕ್ ಚೀಲ ಕೊಟ್ಟಳು. ಮೈದಾ ಮರೆತೇ ಬಿಟ್ಟೆ.

ನವೆಂಬರ್ 6

ಊಟದ ಹೊತ್ತಿಗೆ ಹೇಳಿದೆ. ದಿಯೋ ನಕ್ಕ.

"ಮ್ಯೂಕೋಸೀಲಾ? ನಮ್ಮ ಮಾಯ್‌ಮಾಯ್‌ಗೂ ಅದೇ ಆಗಿತ್ತಲ್ಲ!"

ಆಗಿತ್ತು. ಮಾಯ್‌ಮಾಯ್ ಅವನ ತಂಗಿಯ ಮಗಳು. ತುಟಿ ಕಚ್ಚಿಕೊಳ್ಳುವ ಚಾಳಿ. ಕೆಳತುಟಿಯ ಒಳಗೆ ಬಟಾಣಿಯಷ್ಟು ನೀರುಗುಳ್ಳೆ. ಹಲ್ಲಿನ ಡಾಕ್ಟರು ಮರಗಟ್ಟಿಸುವ ಸೂಜಿ ಚುಚ್ಚಿ, ಮತ್ತೆ ಬಾರದಿರಲೆಂದು ಅಡಿಯ ಪುಟ್ಟ ಗ್ರಂಥಿಯ ಸಮೇತ ಕತ್ತರಿಸಿ ತೆಗೆದರು. ಅವತ್ತೇ ಐಸ್‌ಕ್ರೀಂ ತಿಂದಳು.

"ತುಟೀಲಿ ಒಡೆದ್ರೆ ಉಗಿದುಬಿಡಬಹುದು ದಿಯೋ. ಹೊಟ್ಟೇಲಿ ಒಡೆದ್ರೆ ಎಲ್ಲಿ ಉಗೀಲಿ?"

ನಗು ನಿಲ್ಲಿಸಿದ. ಊಟವನ್ನೂ. ದಿಯೋನ ಹಾಗೆ ನಾನೂ ‘ನಾನಯ್’, ಅಂದರೆ ಅಮ್ಮ, ಎಂದು ಕರೆಯುವ ಅತ್ತೆ ಒಣಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದರು.

ನವೆಂಬರ್ 8

ಬಾಗಿಲಿಗೆ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ.

ಮಧ್ಯಾಹ್ನ ಬೇಕರಿ ಮುಚ್ಚಿ ಮಲಗಿದ್ದೆ. ಕೊಬ್ಬರಿ ಎಣ್ಣೆಯ ವಾಸನೆಗೆ ಎಚ್ಚರವಾಯಿತು. ಅಂಗಿ ಮೇಲಕ್ಕೆ ಸರಿದಿದೆ. ಹೊಟ್ಟೆ ನೀವುವ ಮುದುಕ ಪಾಂಚೋ, ಅವನ ಎಣ್ಣೆಗೈ ನನ್ನ ಹೊಕ್ಕುಳ ಮೇಲೆ. ಹಿಂದೆ ಅತ್ತೆ.

ಕಿರುಚಿದೆ. ಮೊಣಕಾಲಿನಿಂದ ಅವನನ್ನು ತಳ್ಳಿದೆ.

"ಏನೇ ನಿನ್ನ ಅವತಾರ! ಊರಿನ ಅರ್ಧ ಹೆಂಗಸರ ಹೊಟ್ಟೆ ಸರಿಮಾಡಿದ ಕೈ ಕಣೇ ಅದು."

"ಒತ್ತಿದ್ರೆ ಒಡೆಯುತ್ತೆ ನಾನಯ್! ಸಾಯ್ತೀನಿ ನಾನು!"

"ಕೊಯ್ಸಿಕೊಳ್ಳೋಕೆ ಹೋದ ನನ್ನ ತಂಗಿ ಹೆಣದ ಪೆಟ್ಟಿಗೇಲಿ ಮನೆಗೆ ಬಂದ್ಲು. ನೀನೂ ಹೋಗು."

ಬಾಗಿಲು ಎಳೆದುಕೊಂಡು ಹೋದರು. ಪಾಂಚೋ ಪಾಪ, ಎಣ್ಣೆ ಶೀಶೆಯನ್ನೂ ಬಿಟ್ಟು ಓಡಿದ.

ಆಮೇಲೆ ಅಲುಗಾಡದೆ ಮಲಗಿದೆ. ಮುದುಕ ಒತ್ತಿದನೋ, ಬರೀ ಮುಟ್ಟಿದನೋ? ಒಳಗೆ ಏನೋ ತಣ್ಣಗೆ ಹರಿದ ಹಾಗೆ... ಭ್ರಮೆ. ಭ್ರಮೆಯೇ ಇರಬೇಕು.

ನವೆಂಬರ್ 11, ಸಂಜೆ

ಚಂಡಮಾರುತ. ಹಡಗುಗಳೆಲ್ಲ ಬಂದ್. ನಾಳೆ ನನ್ನ ಆಪರೇಷನ್.

ದಿಯೋ ಬಂದರಿನಿಂದ ತೊಪ್ಪೆಯಾಗಿ ಬಂದ. "ನನ್ನ ದೋಣೀಲೇ ಕರ್ಕೊಂಡು ಹೋಗ್ತೀನಿ ನಡಿ."

"ನಿನ್ನ ದೋಣಿ ಹಾರಿ ಹಾರಿ ಬೀಳುತ್ತೆ. ಅದರಲ್ಲಿ ಕೂತ್ರೆ ಪಾಂಚೋನೇ ವಾಸಿ."

ಇಬ್ಬರೂ ನಗಲಿಲ್ಲ.

ನವೆಂಬರ್ 12

ಕರೆಂಟಿಲ್ಲ. ಫೋನಿಲ್ಲ. ಕೆಮ್ಮು ಬರುತ್ತಿದೆ — ಕೆಮ್ಮಲು ಹೆದರಿ ನೀರು ಕುಡಿಯುತ್ತಿದ್ದೇನೆ. ನೋವು ಹೆಚ್ಚಾಯಿತೋ, ನಾನೇ ಹುಡುಕುತ್ತಿದ್ದೇನೋ?

ನವೆಂಬರ್ 14

ಹಡಗು ಬಿಟ್ಟರು. ಸಮುದ್ರ ಇನ್ನೂ ಸಿಟ್ಟಿನಲ್ಲಿತ್ತು. ಗಟ್ಟಿ ಬೆಂಚು. ದಿಯೋ ಎಲ್ಲರೆದುರೇ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ. ಪ್ರತಿ ಬಡಿತವೂ ಮೊದಲು ಅವನ ಬೆನ್ನೆಲುಬಿಗೆ.

"ಹೊಸ ಜೋಡೀನಾ?" ಎಂದ ಎದುರಿನವನು.

"ಹಳೇದೇ. ಹುಷಾರಾಗಿ ಸಾಗಿಸ್ತಿದೀನಿ," ಎಂದ ದಿಯೋ. ಅವನ ಎದೆ ಬಡಿದುಕೊಳ್ಳುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು.

ನವೆಂಬರ್ 19, ಆಸ್ಪತ್ರೆ

ಬದುಕಿದ್ದೇನೆ.

ಸಣ್ಣ ತೂತಿನ ಆಪರೇಷನ್ ಬೇಡವೆಂದರು. ಎಳೆಯುವಾಗ ಒಡೆದೀತೆಂದು ಹೊಟ್ಟೆ ಕೊಯ್ದೇ ತೆಗೆದರು. ಇಡಿಯಾಗಿ ಬಂತಂತೆ. ಒಳಗೆಲ್ಲೂ ಒಂದು ಹನಿ ಚೆಲ್ಲಿರಲಿಲ್ಲವಂತೆ. ಲ್ಯಾಬಿಗೆ ಹೋಗಿದೆ. ಇನ್ನು ಕಾಯಬೇಕು. ಮತ್ತೆ ಕಾಯಬೇಕು.

ಡಿಸೆಂಬರ್ 3

ಕ್ಯಾನ್ಸರ್ ಅಲ್ಲ. ಕತ್ತರಿಸಿದ ಬುಡವೂ ಸ್ವಚ್ಛ. ಕೆಲವು ವರ್ಷ ಆಗಾಗ ಸ್ಕ್ಯಾನಿಂಗ್, ಅಷ್ಟೇ. ದಿಯೋ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ನನಗೆ ಅಳು ಬರಲಿಲ್ಲ. ನನ್ನ ಭಯಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ.

ಡಿಸೆಂಬರ್ 6, ಮನೆ

ಅತ್ತೆ ನನ್ನ ಹತ್ತಿರ ಬಂದರು. ಪಾಂಚೋನ ಗಲಾಟೆಯಾದ ಮೇಲೆ ಮಾತು ಬಿಟ್ಟಿದ್ದವರು. ದಿಯೋ ಹೊರಗೆ ಹೋಗುವವರೆಗೂ ಹಿಟ್ಟಿನ ಚೀಲದ ಮೇಲೆ ಕೂತಿದ್ದರು.

"ಆ ಹೊಟ್ಟೆ ಫೋಟೋ ತೆಗೆಯೋ ಮೆಷಿನ್ನಿಂದ ನೋವಾಗುತ್ತಾ?"

"ಇಲ್ಲ. ಜೆಲ್ ಹಚ್ಚುವಾಗ ತಣ್ಣಗಾಗುತ್ತೆ. ಯಾಕೆ ನಾನಯ್?"

ಬಾಗಿಲ ಕಡೆ ನೋಡಿದರು. ಬಾಯಿ ತೆರೆದು ಬೆರಳಿನಿಂದ ನಾಲಿಗೆ ಎತ್ತಿದರು. ಅಡಿಯಲ್ಲಿ ಉಬ್ಬು. ನೀಲಿ ಛಾಯೆ, ಕಪ್ಪೆಯ ಹೊಟ್ಟೆಯ ಹಾಗೆ ನುಣುಪು.

"ಯಾವಾಗಿಂದ?"

"ಈಸ್ಟರ್‌ನಿಂದ. ದಿಯೋಗೆ ಹೇಳಬೇಡ." ಮೊದಲ ಸಲ ನನ್ನ ಕೈ ಹಿಡಿದುಕೊಂಡರು. "ಮಾಯ್‌ಮಾಯ್‌ದು, ನಿಂದು, ನಂದು... ಎಲ್ಲಾ ಅದೇ ಲೋಳೆ ಅಲ್ವೇನೇ? ತೆಗೆಸಿದ್ರೆ ಹೋಗುತ್ತೆ ಅಲ್ವಾ? ಹೌದು ಅನ್ನೇ."

ಅತ್ತೆ ಹುಡುಗಿಯಾಗಿದ್ದಾಗಿನಿಂದ ಚುಟ್ಟಾ ಸೇದುವವರು. ಇಲ್ಲಿನ ಮುದುಕಿಯರ ಹಾಗೆ, ಬೆಂಕಿಯ ತುದಿ ಬಾಯೊಳಗಿಟ್ಟು.

ಹೌದು ಎಂದೆ. ನಾಳೆಯೇ ಹೋಗೋಣ, ನಾನು ಜೊತೆಗೆ ಬರುತ್ತೇನೆ ಎಂದೆ. ಟಾರ್ಚ್ ತಂದು ಇನ್ನೊಮ್ಮೆ ಬಾಯಿ ತೆರೆಯಿರಿ ಎಂದೆ. ಗುಳ್ಳೆ ಗುಳ್ಳೆಯೇ. ಆದರೆ ಅದರ ಹಿಂದೆ, ದವಡೆಯ ಹತ್ತಿರ, ಒಂದು ಬಿಳಿ ಮಚ್ಚೆ. ಅದು ಲೋಳೆಯಲ್ಲ.