ಸೀಲು ಬೀಳದ ಕಾರ್ಡು

ಉದ್ಯೋಗ ವಿನಿಮಯ ಕಚೇರಿ,
ತುಮಕೂರು
೧೪-೩-೧೯೮೪

ಪ್ರೀತಿಯ ಕೌಸಲ್ಯಳಿಗೆ,

ನಿನ್ನ ಪುಟ್ಟಿಯ ನಮಸ್ಕಾರ. ಕುಣಿಗಲ್ಲಿನಿಂದ ನಿನ್ನ ಕಾಗದ ಸೋಮವಾರ ಬಂತು. ನಿನ್ನ ತಂಗಿ ಅಲಮೇಲುಗೆ ಕಾಮಾಲೆ ಎಂದು ಓದಿ ಬೇಜಾರಾಯಿತು. ಕಾಗದದ ಜೊತೆ ಕಳಿಸಿರುವ ಅವಳ ನೋಂದಣಿ ಕಾರ್ಡನ್ನು ಶನಿವಾರದೊಳಗೆ ನವೀಕರಿಸದಿದ್ದರೆ ಮೂರು ವರ್ಷದ ಸೀನಿಯಾರಿಟಿ ಹೋಗುತ್ತದೆ, ‘ನೀನೇ ಅಲ್ಲಿದೀಯಲ್ಲ, ಒಂದು ಸೀಲ್ ಹಾಕ್ಸಿಬಿಡೇ’ ಎಂದು ಬರೆದಿದ್ದೀಯೆ. ನನ್ನ ಅಕ್ಷರ ಒತ್ತಿ ಬಿದ್ದಿದೆ, ಕೋಪವೆಂದುಕೊಳ್ಳಬೇಡ.

ನಮ್ಮ ನೋಟ್‌ಬುಕ್ಕು ನೆನಪಿದೆಯಾ? ಬಿ.ಎಸ್ಸಿ. ಕೊನೆಯ ವರ್ಷ, ಮುಂದೇನು ಮಾಡುವುದೆಂದು ಕಂಡಕಂಡವರನ್ನೆಲ್ಲ ಕೇಳಿ ಒಂದೊಂದು ಕೆಲಸಕ್ಕೆ ಒಂದೊಂದು ಪುಟ ಬರೆಯುತ್ತಿದ್ದೆವು. ಬಿ.ಎಡ್., ಬ್ಯಾಂಕು, ರೇಷ್ಮೆ ಇಲಾಖೆ. ಲ್ಯಾಬ್ ಅಟೆಂಡರ್ ಚಿಕ್ಕಮಾರಯ್ಯನನ್ನೂ ಬಿಡಲಿಲ್ಲ. ನಾನು ಆಸೆಪಟ್ಟದ್ದು ಟೆಲಿಫೋನ್ ಆಪರೇಟರ್ ಕೆಲಸಕ್ಕೆ. ಆ ಪುಟದ ಕೆಳಗೆ ನೀನು ‘ರಾತ್ರಿ ಪಾಳಿ, ಪುಟ್ಟಿಗೆ ಬೇಡ’ ಎಂದು ಬರೆದೆ. ಎಷ್ಟು ಕಾಳಜಿ ಎಂದುಕೊಂಡೆ, ಪೆದ್ದಿ ನಾನು.

ಪಿ.ಯು.ಸಿ. ಆದಾಗ ಇಬ್ಬರೂ ಇದೇ ಕಚೇರಿಯಲ್ಲಿ ಸಾಲಿನಲ್ಲಿ ನಿಂತು ಹೆಸರು ಬರೆಸಿದ್ದೆವು. ನಾನು ಮುಂದೆ, ನೀನು ನನ್ನ ಹಿಂದೆ. ಕರೆ ಬಂದರೆ ಮೊದಲು ನನಗೆ ಬರಬೇಕು. ಮೂರು ವರ್ಷಕ್ಕೆ ಬಂದ ನವೀಕರಣದ ವಾರ ಅಮ್ಮನಿಗೆ ಆಪರೇಷನ್ ಆಗಿ ನಾನು ಗುಬ್ಬಿಗೆ ಹೋದೆ, ಕಾರ್ಡನ್ನು ನಿನ್ನ ಕೈಗೆ ಕೊಟ್ಟು. ನಾನು ತಿರುಗಿ ಬಂದಾಗ ನೀನು ಕಣ್ಣಲ್ಲಿ ನೀರು ತಂದುಕೊಂಡೆ. ‘ಎರಡೂ ಕೊಟ್ಟಿದ್ದೆ ಕಣೇ, ಆಫೀಸ್‌ನೋರು ನಿಂದು ಕಳೆದ್ಬಿಟ್ರು’ ಅಂದೆ. ನಾನು ಹೊಸದಾಗಿ ಹೆಸರು ಬರೆಸಿ ಸಾಲಿನ ತುದಿಗೆ ಬಿದ್ದೆ. ಎರಡೇ ತಿಂಗಳಿಗೆ ನೀನು ಟೆಲಿಫೋನ್ ಆಪರೇಟರ್ ಆದೆ. ಆ ಸಂತೋಷಕ್ಕೆ ನಾನೇ ಕ್ಯಾತ್ಸಂದ್ರದಲ್ಲಿ ನಿನಗೆ ತಟ್ಟೆ ಇಡ್ಲಿ ತಿನ್ನಿಸಿದೆ.

ಐದು ವರ್ಷ ಗುಬ್ಬಿಯಲ್ಲಿ ಮನೆಪಾಠ ಹೇಳಿದೆ. ‘ಓದಿ ಏನ್ ಕಡ್ದು ಕಟ್ಟೆ ಹಾಕ್ದೆ’ ಎಂದು ದೊಡ್ಡಮ್ಮ ಹನುಮಕ್ಕ ದಿನಾ ಚುಚ್ಚುತ್ತಿದ್ದರು. ಕೊನೆಗೆ ಪರೀಕ್ಷೆ ಬರೆದು ಹೋದ ವರ್ಷ ಇಲ್ಲಿ ಗುಮಾಸ್ತೆಯಾದೆ.

ಸೋಮವಾರ ಅಲಮೇಲು ಕಾರ್ಡು ತೆಗೆಯುವಾಗ ಅದರ ಹಿಂದೆ ಇನ್ನೊಂದು ಕಾರ್ಡು ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡಿತ್ತು. ನಿನ್ನ ಹಳೆಯ ಕವರು, ನೋಡದೆ ಕಳಿಸಿಬಿಟ್ಟಿದ್ದೀಯೆ. ಮೆಲ್ಲಗೆ ಬಿಡಿಸಿದೆ. ನನ್ನದು! ಸೀಲಿಲ್ಲ. ಆರು ವರ್ಷ ಅದು ನಿನ್ನ ಮನೆಯಲ್ಲೇ ಇತ್ತು.

ಈಗ ಅಲಮೇಲು ಕಾರ್ಡು ನನ್ನ ಕೈಯಲ್ಲಿದೆ. ಆಫೀಸಿನವರು ಕಾರ್ಡು ಕಳೆಯುತ್ತಾರೆಂದು ನೀನೇ ಹೇಳಿದ್ದೆಯಲ್ಲ? ಶನಿವಾರದವರೆಗೆ ನೀನೂ ಸ್ವಲ್ಪ ಒದ್ದಾಡು.

ಇಂತಿ, ಸಾಲಿನಲ್ಲಿ ನಿನ್ನ ಮುಂದೆ ನಿಂತಿದ್ದ
ಪುಟ್ಟತಾಯಮ್ಮ

ಮರೆತ ಮಾತು: ಸೀಲು ಸೋಮವಾರವೇ ಹಾಕಿಸಿದೆ. ಆ ಹುಡುಗಿ ನನಗೇನು ಮಾಡಿದ್ದಾಳೆ? ಕಾರ್ಡನ್ನು ಅವಳ ಹೆಸರಿಗೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಅವಳೇ ಸಹಿ ಮಾಡಿ ತೆಗೆದುಕೊಳ್ಳಬೇಕು. ಜೊತೆಗೆ ನಮ್ಮ ನೋಟ್‌ಬುಕ್ಕೂ ಇದೆ, ಈ ಕಾಗದದ ಪ್ರತಿಯೂ ಇದೆ. ಕಾರ್ಬನ್ ಇಟ್ಟು ಬರೆದೆ, ಅದಕ್ಕೇ ಅಕ್ಷರ ಒತ್ತಿ ಬಿದ್ದಿದೆ.